ಕೂಸಿನ ಪೊರೆ, ಸುಟ್ಟ ಕೈ

ಇದನ್ನು ಓದಿ ಇಂದಿನ ನರ್ಸಿಂಗ್ ಹುಡುಗಿಯರು ಮೂಗು ಮುರಿಯುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಮುರಿಯಲಿ. ಹೆರಿಗೆಯಾದ ಮೇಲೆ ಬೀಳುವ ಮಾಸಿಗೆ ನಮ್ಮ ಕಡೆ ‘ಕಸ’ ಎನ್ನುತ್ತಾರೆ. ಆ ಕಸದ ಒಳಮೈಗೆ ಅಂಟಿಕೊಂಡಿರುವ ತೆಳ್ಳನೆಯ ಪೊರೆಯನ್ನು ಬಿಡಿಸಿ, ತೊಳೆದು, ಸುಟ್ಟವರ ಮೈಮೇಲೆ ಹೊದಿಸಿ ಗಾಯ ಮಾಯಿಸಿದವಳು ನಾನು. ಹೇಸಿಗೆ ಎಂದವರಿದ್ದರು, ಪಾಪ ಎಂದವರಿದ್ದರು, ನೌಕರಿ ಕಳೆಯುತ್ತೇವೆ ಎಂದು ಹೆದರಿಸಿದವರೂ ಇದ್ದರು. ಅವರನ್ನೆಲ್ಲ ದಾಟಿ ಬಂದು, ಈಗ ಕೊಪ್ಪಳದ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಪಿಂಚಣಿ ಉಣ್ಣುತ್ತಿದ್ದೇನೆ.

ಯಲಬುರ್ಗಾ, ಗಂಗಾವತಿ, ಕುಷ್ಟಗಿ, ಕೊಪ್ಪಳ ಎಂದು ಈ ಸೀಮೆಯೊಳಗೇ ಸುತ್ತಿದವಳು ನಾನು. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದರಲ್ಲಿ ಯಾರಿಗೂ ಉಪಯೋಗವಿಲ್ಲ, ಬಿಡಿ. ಮುಖ್ಯ ಸಂಗತಿ ನಡೆದದ್ದು ಕಾಲುವೆ ಸೀಮೆಯ ಒಂದು ಆಸ್ಪತ್ರೆಯಲ್ಲಿ. ಅದರ ಹೆಸರು ಹೇಳುವುದಿಲ್ಲ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಇವತ್ತು ನನ್ನ ಮನೆಗೆ ಬಂದು ಚಹಾ ಕುಡಿಯುತ್ತಾರೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಯಲಬುರ್ಗಾಕ್ಕೆ ಬಂದಾಗ ಗಾಯಕ್ಕೆ ಹಾಕಲು ನಮ್ಮ ಹತ್ತಿರ ಇದ್ದದ್ದು ಜಾಳುಜಾಳಾದ ಬ್ಯಾಂಡೇಜ್ ಬಟ್ಟೆ, ವ್ಯಾಸಲೀನು, ನೀಲಿ ಔಷಧ, ಹಳದಿ ಔಷಧ ಅಷ್ಟೇ. ವ್ಯಾಸಲೀನು ಆಗಾಗ ಮುಗಿದಿರುತ್ತಿತ್ತು. ಒಣ ಬಟ್ಟೆ ಗಾಯಕ್ಕೆ ಕಚ್ಚಿಕೊಳ್ಳುತ್ತಿತ್ತು. ಮರುದಿನ ಅದನ್ನು ಕೀಳುವಾಗ ಹಿಂದಿನ ದಿನ ಚಿಗುರಿದ್ದ ಹೊಸ ತೊಗಲೂ ಕಿತ್ತು ಬರುತ್ತಿತ್ತು. ರೋಗಿ ಕಿರಿಚುತ್ತಿದ್ದ, ರಕ್ತ ಜಿನುಗುತ್ತಿತ್ತು, ನಾವು ಮತ್ತೆ ಒಣ ಬಟ್ಟೆಯನ್ನೇ ಸುತ್ತುತ್ತಿದ್ದೆವು. ನಮಗೆ ಕಲಿಸಿದ್ದೇ ಹಾಗೆ. ಗಾಯ ಒಣಗಬೇಕು, ಒಣಗಿದರೆ ಮಾಯುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು.

ತಳಕಲ್ಲಿನ ಒಬ್ಬ ರೈತ, ಹನಮಪ್ಪ ಎಂದು, ಗಾಡಿಯ ಗಾಲಿಗೆ ಸಿಕ್ಕು ಕಾಲಿನ ತೊಗಲು ಸುಲಿಸಿಕೊಂಡು ಬಂದಿದ್ದ. ಡ್ರೆಸ್ಸಿಂಗ್ ತಟ್ಟೆ ಹಿಡಿದು ನಾನು ಒಳಗೆ ಕಾಲಿಟ್ಟರೆ ಸಾಕು, ವಾರ್ಡಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

“ಬಂದ್ರು ನೋಡ್ರಿ ನಮ್ಮ ಯಮನ ತಂಗಿ! ಬಾಯಾರ, ನಿಜ ಹೇಳ್ರಿ, ಇದು ಮಾಯಲಿ ಅಂತ ಮಾಡಾಕತ್ತೀರೋ, ದಿನಾ ಒಂದೀಟು ಸುಲಕೊಂಡು ಹೋಗೋಣು ಅಂತ ಮಾಡಾಕತ್ತೀರೋ?”

ನಮ್ಮ ಕಡೆ ನರ್ಸಿಗೂ, ಶಾಲೆಯ ಟೀಚರಿಗೂ ಬಾಯಾರು ಎನ್ನುವುದು ವಾಡಿಕೆ. “ಸುಮ್ನಿರು ಹನಮಪ್ಪ, ಮಾಯಾಕ ಟೈಮ್ ಹಿಡೀತೈತಿ” ಎಂದು ನಾನು ಗದರಿಸುತ್ತಿದ್ದೆ. ಅವನು ತಮಾಷೆ ಮಾಡುತ್ತಲೇ ಹಲ್ಲು ಕಚ್ಚಿ ಕಣ್ಣೀರು ಸುರಿಸುತ್ತಿದ್ದ. ಕಾಲು ಕೊನೆಗೆ ಮಾಯಿತು. ಆದರೆ ಮೊಣಕಾಲಿನ ಹಿಂಭಾಗದ ತೊಗಲು ಗಂಟು ಕಟ್ಟಿ ಎಳೆದುಕೊಂಡು, ಕಾಲು ಪೂರ್ತಿ ಚಾಚಲು ಬಾರದಂತೆ ಉಳಿಯಿತು. ಗಾಯ ತಡವಾಗಿ ಮಾಯಿದರೆ ಹೀಗೆಯೇ ಆಗುತ್ತದೆ. ಪ್ರಾಣ ಉಳಿಯುತ್ತದೆ, ಕೀಲು ಹೋಗುತ್ತದೆ. ಇದನ್ನು ನೆನಪಿಡಿ, ಮುಂದೆ ನಾನು ಹೇಳುವ ಜಗಳವೆಲ್ಲ ಇದಕ್ಕಾಗಿಯೇ ನಡೆದದ್ದು.

ಕಾಲುವೆ ಸೀಮೆಯ ಆಸ್ಪತ್ರೆಗೆ ನನ್ನ ವರ್ಗವಾದಾಗ ಅಲ್ಲಿ ಪಾಟೀಲ ಡಾಕ್ಟರು ಎಂಬ ಸರ್ಜನ್ ಇದ್ದರು. ಆಗತಾನೆ ದೊಡ್ಡ ಓದು ಮುಗಿಸಿ ಬಂದ ಹುರುಪು. ಒಂದು ಕಡೆ ಕೂರುವವರಲ್ಲ, ಮಾತು ಶುರುವಾದರೆ ನಿಲ್ಲಿಸುವವರಲ್ಲ, ಸಿಟ್ಟು ಬಂದರೆ ಕೈಯಲ್ಲಿದ್ದದ್ದನ್ನು ನೆಲಕ್ಕೆ ಅಪ್ಪಳಿಸುವವರು. ಆಸ್ಪತ್ರೆಯಲ್ಲಿ ಅವರಿಂದ ಒಡೆಯದೆ ಉಳಿದ ಚಹಾದ ಕಪ್ಪು ಇರಲಿಲ್ಲ. ಆದರೆ ರೋಗಿಯ ಮೇಲೆ ಒಮ್ಮೆಯೂ ದನಿ ಏರಿಸಿದವರಲ್ಲ.

ಒಂದು ದಿನ ಹೆರಿಗೆ ಕೋಣೆಗೆ ಬಂದು, ಆಗಷ್ಟೇ ಬಿದ್ದಿದ್ದ ಕಸವನ್ನು ತಟ್ಟೆಯಲ್ಲಿ ಇರಿಸಿಕೊಂಡು, ಅದರ ಮೇಲಿಂದ ಒಂದು ಪೊರೆಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದರು. ಹಸಿ ಈರುಳ್ಳಿಯ ಪದರು ಬಿಡಿಸಿದ ಹಾಗೆ ಅದು ಸಲೀಸಾಗಿ ಬಂತು. ಕಿಟಕಿಯ ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುವಷ್ಟು ತೆಳುವು. ಆಯಾ ಮಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಡಾಕ್ಟರ್ ಸಾಹೇಬ್ರಿಗೆ ಏನೋ ಬಡದೈತಿ” ಎಂದು ನನ್ನ ಕಿವಿಯಲ್ಲಿ ಉಸುರಿದಳು.

ಪಾಟೀಲರು ನನ್ನ ಕಡೆ ತಿರುಗಿದರು: “ನೀಲಮ್ಮ ಸಿಸ್ಟರ್, ಹೊಟ್ಟ್ಯಾಗಿನ ಕೂಸು ಇದರಾಗ ಸುತಗೊಂಡು ಮಲಗಿರತೈತಿ. ಇದರಾಗ ಒಂದು ವಸ್ತು ಐತಿ, ಅದರ ಹೆಸರು ಪ್ರೋಟಿಯೋಗ್ಲೈಕಾನ್. ಸಕ್ಕರಿ ಸರಪಳಿ, ಪ್ರೋಟೀನು ಎರಡೂ ಕೂಡಿ ಆಗಿದ್ದು. ಶರಬತ್ತಿನಾಗ ಸಬ್ಜಾ ಬೀಜ ಹಾಕತೀರಲ್ರಿ, ಅದು ನೀರು ಕುಡದು ಸುತ್ತ ಲೋಳಿ ಕಟಗೊಳ್ಳತೈತಲ್ಲ, ಇದೂ ಹಂಗ ನೀರು ಹಿಡಕೋತೈತಿ, ಬಿಡಂಗಿಲ್ಲ. ಗಾಯದ ಮ್ಯಾಲ ಹಾಕಿದರ ಗಾಯ ಹಸಿ ಇರತೈತಿ. ಹಸಿ ಇದ್ದಲ್ಲಿ ಹೊಸ ತೊಗಲು ಬದಿಯಿಂದ ಸರಕೋಂತ ಬರತೈತಿ. ಒಣಗಿದರ ಎಲ್ಲಿಂದ ಬರಬೇಕು?”

ನಾನು ಕಲಿತದ್ದೆಲ್ಲ ಅಡಿಮೇಲಾಯಿತು. ಕುರಿಯ ಮೆದುಮೂಳೆಯಲ್ಲಿಯೂ ಇದೇ ವಸ್ತು ತುಂಬಿರುತ್ತದೆ, ಮುರಿದ ಮೂಳೆ ಕೂಡುವಾಗಲೂ ಮೊದಲು ಅಂಥದ್ದೇ ಮೆತ್ತನೆಯ ಗಂಟು ಕಟ್ಟಿ ಆಮೇಲೆ ಗಟ್ಟಿಯಾಗುತ್ತದೆ, ಹೊರದೇಶದವರು ಮೆದುಮೂಳೆಯ ಪುಡಿಯನ್ನು ಗಾಯಕ್ಕೆ ಉದುರಿಸಿ ನೋಡುತ್ತಿದ್ದಾರೆ ಎಂದೆಲ್ಲ ಅವರು ಹೇಳಿದರು. “ಇದರಾಗ ಅರ್ಧ ನಮಗ ಗೊತ್ತೈತಿ, ಇನ್ನರ್ಧ ಅಂದಾಜು” ಎಂದೂ ಸೇರಿಸಿದರು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೆಲಸದ ಕ್ರಮ ಹೀಗಿತ್ತು. ತಾಯಿಯ ರಕ್ತ ಪರೀಕ್ಷೆಯಾಗಿ ಯಾವ ರೋಗವೂ ಇಲ್ಲವೆಂದು ತಿಳಿದಿರಬೇಕು. ಹೆರಿಗೆಗೆ ಮುಂಚೆ ನೀರು ಒಡೆದು ಬಹಳ ಹೊತ್ತಾಗಿದ್ದರೆ ಆ ಪೊರೆ ಬೇಡ. ಬಿಡಿಸಿದ ಪೊರೆಯನ್ನು ಸಲೈನಿನಲ್ಲಿ ರಕ್ತದ ಬಣ್ಣ ಪೂರ್ತಿ ಹೋಗುವತನಕ ಜಾಲಿಸಬೇಕು, ಕ್ರಿಮಿ ಸಾಯುವ ತೆಳು ದ್ರಾವಣದಲ್ಲಿ ಅದ್ದಬೇಕು, ಮತ್ತೆ ಸಲೈನು. ಆಮೇಲೆ ಕುದಿಸಿದ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿ ಇಡಬೇಕು. ಗಾಯದ ಮೇಲೆ ಹಾಸುವಾಗ ಸುಕ್ಕು ಬೀಳಬಾರದು, ಅಡಿಯಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು. ಈ ಕೊನೆಯದು ನನ್ನ ಕೈಗೆ ಕೂತಷ್ಟು ಪಾಟೀಲರ ಕೈಗೂ ಕೂರಲಿಲ್ಲ ಎಂದು ಅವರೇ ಹೇಳಿ ನಗುತ್ತಿದ್ದರು.

ಮೊದಲು ಹಾಕಿದ್ದು ಕುಕನೂರಿನ ಒಬ್ಬ ಶೆಟ್ಟರಿಗೆ. ಕಾಲಿನ ಹುಣ್ಣು ಮಾಯದೆ, ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿಕೊಂಡೇ ವ್ಯಾಪಾರ ಮಾಡುತ್ತಿದ್ದವರು. ಈರುಳ್ಳಿಯನ್ನೂ ಮುಟ್ಟದ ಮನೆತನ. “ಏನ್ರಿ ಇದು?” ಎಂದು ಅವರು ಕೇಳಿದಾಗ ಪಾಟೀಲರು ಹಿಂದೆ ಮುಂದೆ ನೋಡದೆ “ಪರದೇಶದ ಕಾಗದ” ಎಂದುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಡಾಕ್ಟರು ಆಚೆ ಹೋದ ಮೇಲೆ ನಾನೇ ಶೆಟ್ಟರಿಗೆ ನಿಜ ಹೇಳಿದೆ. ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಶೆಟ್ಟರು ಬಗ್ಗಿ ಕಾಲಿನ ಮೇಲಿನ ಪೊರೆಯನ್ನು ನೋಡಿದರು.

“ಹುಟ್ಟೋಮುಂದ ನಾನೂ ಇದನ್ನ ಹೊದಕೊಂಡ ಬಂದಿರಬೇಕಲ್ರಿ?”

“ಹೌದ್ರಿ ಶೆಟ್ರ.”

“ಮತ್ತ ನಾ ಏನ್ ಇದನ್ನ ತಿನ್ನಾಕತ್ತೀನೇನ್ರಿ? ಹಾಕಿದ್ದು ಹಾಕಿದಂಗ ಇರಲಿ. ನಮ್ಮನ್ಯಾಗ ಮಾತ್ರ ಕಾಗದ ಅಂತನ ಹೇಳ್ರಿ.”

ಶೆಟ್ಟರ ಹುಣ್ಣು ಮಾಯಿತು. ಎಲ್ಲವೂ ಹೀಗೆ ಸುಸೂತ್ರವಾಗಲಿಲ್ಲ. ಬೆನ್ನು ಆಳವಾಗಿ ಸುಟ್ಟಿದ್ದ ಒಬ್ಬ ಹುಡುಗನಿಗೆ ಪಾಟೀಲರು ಪೊರೆ ಹಾಸಿದರು. ಮೇಲೆ ನೋಡಿದರೆ ಒಣಗಿ ಹೊಳೆಯುತ್ತಿತ್ತು, ಎಲ್ಲರೂ ಹಿಗ್ಗಿದೆವು. ಹುಡುಗನಿಗೆ ಚಳಿಜ್ವರ ಬಂತು. ಎತ್ತಿ ನೋಡಿದರೆ ಅಡಿಯೆಲ್ಲ ಕೀವು. ಆಳದ ಸುಟ್ಟಗಾಯಕ್ಕೆ ಬೇಕಾದದ್ದು ಅವನದೇ ತೊಡೆಯ ಚರ್ಮದ ಕಸಿ, ಪೊರೆ ಅಲ್ಲ. ಪಾಟೀಲರು ಆ ದಿನ ಕಪ್ಪು ಒಡೆಯಲಿಲ್ಲ, ಹುಡುಗನ ಮಂಚದ ಪಕ್ಕದಿಂದ ಏಳಲೂ ಇಲ್ಲ. ಹುಡುಗ ಉಳಿದ. ಮೇಲೆ ಹೊಳೆದದ್ದನ್ನು ನಂಬಬಾರದು ಎಂದು ಅಂದಿನಿಂದ ನಾನು ಪ್ರತಿ ಪೊರೆಯ ಅಂಚನ್ನೂ ದಿನಾ ಒತ್ತಿ ಮೂಸಿ ನೋಡುತ್ತಿದ್ದೆ. ಈಗ ಪ್ಯಾಕೆಟ್ಟಿನಲ್ಲಿ ಬರುವ ಪೊರೆ ಹಾಕುವ ನೀವೂ ನೋಡಿ, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ.

ಇನ್ನು ಮಲ್ಲವ್ವನ ಸಂಗತಿ. ನಮ್ಮ ಕಡೆ ಕಸವನ್ನು ಎಲ್ಲೆಂದರಲ್ಲಿ ಎಸೆಯುವುದಿಲ್ಲ. ಉಪ್ಪು, ಅರಿಶಿನ, ಕುಂಕುಮ ಹಾಕಿ ಮನೆಯ ಹಿತ್ತಲಿನಲ್ಲಿ ಹೂಳುತ್ತಾರೆ. ನಾಯಿ ಬಾಯಿ ಹಾಕಿದರೆ ಬಾಣಂತಿಯ ಹಾಲು ಬತ್ತುತ್ತದೆ ಎಂಬ ಭಯ. ಕೇಳಿದ ಮನೆಯವರಿಗೆ ಆಸ್ಪತ್ರೆಯಲ್ಲಿ ಕೊಟ್ಟುಬಿಡುತ್ತಿದ್ದೆವು, ಕೇಳದವರದು ಹಿಂದಿನ ಗುಂಡಿಗೆ ಹೋಗುತ್ತಿತ್ತು. ನಾವು ಪೊರೆ ತೆಗೆಯುತ್ತಿದ್ದದ್ದು ಗುಂಡಿಗೆ ಹೋಗುವ ಕಸದಿಂದ ಮಾತ್ರ. ಹೀಗೆ ತೊಳೆದು ಇಟ್ಟ ಬಾಟಲಿಗಳು ಒಂದು ಬೆಳಿಗ್ಗೆ ಫ್ರಿಜ್ಜಿನಲ್ಲಿ ಇರಲಿಲ್ಲ. ಹುಡುಕಿದರೆ ಮಲ್ಲವ್ವ ಅವನ್ನು ಬೇವಿನ ಗಿಡದ ಬುಡದಲ್ಲಿ ಶಾಸ್ತ್ರೋಕ್ತವಾಗಿ ಹೂತು, ಮೇಲೆ ಲಿಂಬೆಹಣ್ಣನ್ನೂ ಇಟ್ಟಿದ್ದಾಳೆ!

ಪಾಟೀಲರು ಕೂಗಾಡಿದರು. ಮಲ್ಲವ್ವ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ.

“ಯಾರ್‍ಯಾರದೋ ಕೂಸಿನ ಕಸ ಅದು. ಅವರಿಗೆ ಒಂದು ಮಾತು ಕೇಳೀರೇನ್ರಿ? ಐಸಿನ ಪೆಟಿಗ್ಯಾಗ ಇಟ್ಟರ ಕೂಸಿಗೆ ಥಂಡಿ ಹತ್ತಂಗಿಲ್ಲೇನು? ನನ್ನ ನೌಕರಿ ತಗೀರಿ, ಅದನ್ನ ಮಾತ್ರ ಮತ್ತ ಅಲ್ಲಿ ಇಡಬ್ಯಾಡ್ರಿ.”

ಥಂಡಿಯ ಮಾತು ಬಿಡಿ, ಕೇಳೀರೇನು ಎಂದದ್ದು ನನಗೆ ಸರಿಯಾಗಿ ನಾಟಿತು. ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಬಾಣಂತಿಯನ್ನು ಕೇಳುವುದು, ಹೂಂ ಎಂದರೆ ಪೊರೆಯನ್ನು ಮಾತ್ರ ತೆಗೆದು ಉಳಿದದ್ದನ್ನು ಹೂಳಲು ಮನೆಯವರಿಗೆ ಕೊಡುವುದು. ಹಾಗೆ ಕೊಟ್ಟ ಮೇಲೆ ಮಲ್ಲವ್ವಳೇ ಬಾಟಲಿಗಳಿಗೆ ಕಾವಲು ನಿಂತಳು.

ಕೇಳತೊಡಗಿದ ಮೇಲೆ ಇನ್ನೊಂದು ತಲೆನೋವು ಶುರುವಾಯಿತು. ಕೊಡುವವರು “ಯಾರಿಗೆ ಹಾಕ್ತೀರಿ?” ಎನ್ನುತ್ತಿದ್ದರು. ಹಾಕಿಸಿಕೊಳ್ಳುವವರು “ಯಾರದು?” ಎನ್ನುತ್ತಿದ್ದರು. ಇಬ್ಬರೂ ಕೇಳುತ್ತಿದ್ದದ್ದು ಜಾತಿಯನ್ನು. ನಾನು ಇಬ್ಬರಿಗೂ ಒಂದೇ ಉತ್ತರ ಇಟ್ಟುಕೊಂಡಿದ್ದೆ: “ಹೆಣ್ಣುಮಗಳದು.” ಮೇಲೆ ಕೇಳಿದರೆ ತಟ್ಟೆ ಎತ್ತಿಕೊಂಡು ನಡೆದುಬಿಡುತ್ತಿದ್ದೆ.

ಅಷ್ಟರಲ್ಲಿ ಪಾಟೀಲರಿಗೆ ವರ್ಗವಾಯಿತು. ಹೊಸದಾಗಿ ಬಂದ ದೊಡ್ಡ ಸಾಹೇಬರು ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಬರುವವರು, ಕೈ ಬಾಯಿ ಶುದ್ಧ, ಬೂಟಿನ ಮೇಲೆ ಧೂಳು ಕಂಡವರಿಲ್ಲ. ಆದರೆ ಗಲಾಟೆ ಎಂದರೆ ಹೆದರಿ ಸಾಯುತ್ತಿದ್ದರು. ಫ್ರಿಜ್ಜಿನ ಬಾಟಲಿ ಕಂಡದ್ದೇ ನನ್ನನ್ನು ಕರೆಸಿದರು.

“ಸಿಸ್ಟರ್, ಇದನ್ನು ಇವತ್ತೇ ನಿಲ್ಲಿಸಿ. ಸರ್ಕಾರದ ಔಷಧದ ಪಟ್ಟಿಯಲ್ಲಿ ಇದು ಎಲ್ಲಿದೆ? ನಾಳೆ ಊರವರು ಕಲ್ಲು ಹಿಡಿದು ಬಂದರೆ ನಿಮ್ಮ ಪಾಟೀಲರು ಬಂದು ನಿಲ್ಲುತ್ತಾರಾ?”

“ಅವರು ಬರಂಗಿಲ್ರಿ. ನಾ ನಿಲ್ತೀನಿ” ಎಂದೆ.

“ನೀವು ನಿಲ್ಲುವುದು ಬೇಡ. ಹೇಳಿದಷ್ಟು ಮಾಡಿ.”

ಬಾಟಲಿಗಳು ಹೋದವು, ಒಣ ಬಟ್ಟೆ ಮರಳಿ ಬಂತು. ಕೆಲವು ಕಾಲ ನಾನೂ ಸುಮ್ಮನಿದ್ದೆ. ಹುಲಿಗೆವ್ವ ಬರುವತನಕ.

ಹುಲಿಗೆವ್ವ ಅಕ್ಕಿ ಗಿರಣಿಯ ಕೂಲಿಯವಳು. ಭತ್ತ ಕುದಿಸುವ ತೊಟ್ಟಿಯಿಂದ ನೀರು ಬಿಡುವಾಗ ಕಾಲು ಜಾರಿ, ಆಸರೆಗೆಂದು ಮುಂದೆ ಚಾಚಿದ ಎರಡೂ ಕೈ ಕುದಿನೀರಿಗೆ ಬಿದ್ದಿದ್ದವು. ಬೆರಳ ತುದಿಯಿಂದ ಮೊಣಕೈತನಕ ತೊಗಲು ಬೊಬ್ಬೆ ಎದ್ದು, ಒಡೆದು, ಜೋತಾಡುತ್ತಿತ್ತು. ಗಿರಣಿಯಲ್ಲಿ ಯಾರೋ ಅದರ ಮೇಲೆ ಸುಣ್ಣ ಬೇರೆ ಸುರಿದಿದ್ದರು. ಜೊತೆಗೆ ಬಂದವಳು ತಾಯಿ ಮಾತ್ರ. ಹುಲಿಗೆವ್ವನಿಗೆ ಮದುವೆಯಾಗಿ ಇನ್ನೂ ವರ್ಷ ಕಳೆದಿರಲಿಲ್ಲ.

ನಾನು ಸುಣ್ಣ ತೊಳೆಯುತ್ತಿದ್ದಾಗ ಅವಳು ಉರಿ ಎನ್ನಲಿಲ್ಲ, ನೋವು ಎನ್ನಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

“ಬಾಯಾರ, ಕೈ ಹೋದ್ವೇನ್ರಿ?”

“ಎಲ್ಲಿ ಹೋಗತಾವ? ಇಲ್ಲೇ ಅದಾವಲ್ಲ.”

“ಕಳೆ ತಗಿಯಾಕ, ರೊಟ್ಟಿ ಬಡಿಯಾಕ ಬರತಾವೇನ್ರಿ? ಬರದಿದ್ರ ಗಂಡನ ಮನಿಯಾಗ ಇಟಗೊಳ್ಳಂಗಿಲ್ರಿ.”

ಒಣ ಬಟ್ಟೆ ಸುತ್ತಿದೆವು. ಮರುದಿನ ಬಿಚ್ಚುವಾಗ ಯಲಬುರ್ಗಾದ ಹನಮಪ್ಪನ ಕಾಲೇ ಮತ್ತೆ ಕಣ್ಣ ಮುಂದೆ ಬಂತು. ಚಿಗುರಿದ್ದೆಲ್ಲ ಬಟ್ಟೆಗೆ ಹತ್ತಿ ಬಂತು. ಬೆರಳು ಅಲ್ಲಾಡಿಸು ಎಂದರೆ ಅವಳು ಅಲ್ಲಾಡಿಸುತ್ತಿರಲಿಲ್ಲ, ಅಲ್ಲಾಡಿಸಿದರೆ ಬಟ್ಟೆ ಎಳೆದು ರಕ್ತ ಬರುತ್ತಿತ್ತು. ನಾನು ನನ್ನ ಕೈ ತೋರಿಸಿ, “ಹಿಂಗ ಹೆಬ್ಬಟ್ಟು ಒಳಗ ಹಾಕಿ ಮುಷ್ಟಿ ಹಿಡಿಯವ್ವ, ಒಂದ್ ಸಲ” ಎಂದು ಬೇಡುತ್ತಿದ್ದೆ. ಬೆರಳುಗಳು ಅರ್ಧಕ್ಕೆ ಬಂದು ನಡುಗುತ್ತಾ ನಿಂತುಬಿಡುತ್ತಿದ್ದವು. ಹೀಗೇ ಬಿಟ್ಟರೆ ಅವು ಅಲ್ಲಿಯೇ ಸೆಟೆದು ನಿಲ್ಲುತ್ತವೆ ಎಂದು ನನಗೆ ಗೊತ್ತಿತ್ತು. ಸುಟ್ಟದ್ದು ಆಳವಿರಲಿಲ್ಲ, ಕೀವೂ ಇರಲಿಲ್ಲ. ಪೊರೆಗೆ ಹೇಳಿ ಮಾಡಿಸಿದಂಥ ಗಾಯ ಅದು. ಸಾಹೇಬರ ಬಳಿ ಹೋಗಿ ಕೇಳಿದೆ. ಅವರು ಕತ್ತು ಎತ್ತದೆಯೇ ಇಲ್ಲ ಎಂದರು. ಅಲ್ಲಿಂದ ಹೊರಗೆ ಬಂದು ನಾನು ನೇರವಾಗಿ ಹೆರಿಗೆ ವಾರ್ಡಿಗೆ ನಡೆದೆ.

ಅಲ್ಲಿ ಅಳವಂಡಿ ಕಡೆಗೆ ಕೊಟ್ಟ ಹೆಣ್ಣುಮಗಳೊಬ್ಬಳು ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಸರು ಗಂಗಮ್ಮ. ಆಗಷ್ಟೇ ಹೆಣ್ಣು ಕೂಸಾಗಿತ್ತು, ರಕ್ತ ಪರೀಕ್ಷೆ ಮೊದಲೇ ಆಗಿತ್ತು. ಅವಳ ತಾಯಿ ಈರಮ್ಮ, ಹೊಲ ಮನೆ ಚೆನ್ನಾಗಿದ್ದ ಮನೆತನದ ಹಿರಿಯರು, ಕಸ ಒಯ್ಯಲು ಹೊಸ ಗಡಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ವಿಷಯ ಹೇಳಿದೆ.

“ಯವ್ವಾ! ಸುಟ್ಟಾಕಿ ಮೈಮ್ಯಾಲ ಹಾಕಿದರ ಆ ಉರಿ ನಮ್ಮ ಕೂಸಿಗೆ ಹತ್ತಂಗಿಲ್ಲೇನ್ರಿ?”

“ಹತ್ತಂಗಿಲ್ರಿ ಅಮ್ಮಾರ. ಇದು ಕೂಸಿನ ಕೆಲಸ ಮುಗಿಸಿ ಬಿದ್ದೈತಿ.”

“ಯಾರ ಪೈಕಿ ಆಕಿ?”

“ಕೈ ಸುಟ್ಟವರ ಪೈಕಿ” ಎಂದೆ. ಅಷ್ಟಕ್ಕೇ ಬಿಡದೆ, “ಬರ್ರಿ, ನೀವ ನೋಡ್ರಿ. ನೋಡಿ ಆದಮ್ಯಾಗ ಬ್ಯಾಡ ಅನ್ರಿ, ನಾ ಒಂದು ಮಾತು ಆಡಂಗಿಲ್ಲ” ಎಂದು ಅವರ ಕೈ ಹಿಡಿದೆ.

ಬಾಗಿಲಲ್ಲಿ ಈರಮ್ಮನನ್ನು ಕಂಡ ಹುಲಿಗೆವ್ವನ ತಾಯಿ ಥಟ್ಟನೆ ಎದ್ದು ಗೋಡೆಗೆ ಸರಿದು ನಿಂತಳು. ಅವಳು ಹಾಗೆ ನಿಂತದ್ದರಲ್ಲೇ ಯಾರ ಪೈಕಿ ಎಂಬುದು ಈರಮ್ಮನಿಗೆ ತಿಳಿದುಹೋಯಿತು. ಅವರು ಬಾಗಿಲು ದಾಟಲಿಲ್ಲ. ನಾನು ಹುಲಿಗೆವ್ವನ ಕೈ ಮೇಲಿನ ಬಟ್ಟೆ ಸರಿಸಿದೆ. ಈರಮ್ಮ ನೋಡಿದರು. ಮುಖ ತಿರುಗಿಸುತ್ತಾರೆ ಎಂದುಕೊಂಡೆ, ತಿರುಗಿಸಲಿಲ್ಲ. ಬಾಗಿಲು ದಾಟಿ ಒಳಗೆ ಬಂದು ಮಂಚದ ಹತ್ತಿರವೇ ನಿಂತರು.

“ಮಕ್ಕಳದಾವೇನವ್ವಾ?”

“ಇಲ್ರಿ ಅಮ್ಮಾರ, ಇನ್ನೂ.”

ಈರಮ್ಮ ಮಗಳ ಬಳಿಗೆ ಮರಳಿದರು. ಮೊದಲು ಬಾಗಿಲಲ್ಲಿ ನಾವು ಆಡಿದ ಮಾತೆಲ್ಲ ಗಂಗಮ್ಮನಿಗೆ ಕೇಳಿಸಿತ್ತು. ಕೂಸಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: “ಕೊಡವ್ವ. ಹೂತರ ಮಣ್ಣ ತಿಂತೈತಿ, ಅಷ್ಟ ಅಲ್ಲೇನು?”

“ಕೊಡ್ತೀವ್ರಿ. ಮೊಮ್ಮಗಳಿಗೆ ಏನರ ಆತಂದ್ರ ನಿಮ್ಮ ಮನಿ ಬಾಗಲಿಗೇ ಬರ್ತೀನಿ ನೋಡ್ರಿ ಬಾಯಾರ” ಎಂದರು ಈರಮ್ಮ.

“ಬರ್ರಿ, ಚಹಾ ಮಾಡಿ ಇಟ್ಟಿರತೀನಿ” ಎಂದೆ.

ಹುಲಿಗೆವ್ವನನ್ನೂ ಕೇಳಿದೆ. ಏನು ಹಾಕುತ್ತೇನೆ, ಎಲ್ಲಿಂದ ಬಂದದ್ದು ಎಂದು ಬಿಡಿಸಿ ಹೇಳಿದೆ. “ಹಾಕ್ರಿ” ಎಂದಳು. ತೊಳೆದ ಪೊರೆಯನ್ನು ಅಂಗೈ ಮೇಲೆ ಹಾಸಿ, ಒಂದೊಂದು ಬೆರಳಿಗೂ ಬೇರೆಬೇರೆಯಾಗಿ ಸುತ್ತಿದೆ. ಬೆರಳುಗಳ ಸಂದಿಯಲ್ಲಿ ಗುಳ್ಳೆ ಉಳಿಯದ ಹಾಗೆ ಒದ್ದೆ ಹತ್ತಿಯಿಂದ ಒತ್ತುತ್ತಾ ಬಂದೆ. ಎರಡನೆಯ ಕೈಗೆ ಹೋಗುವಷ್ಟರಲ್ಲಿ ಅವಳು ಉದ್ದಕ್ಕೆ ಉಸಿರು ಬಿಟ್ಟಳು. ನಾನು ಬೆಚ್ಚಿ ಮುಖ ನೋಡಿದೆ.

“ಥಣ್ಣಗಾತ್ರಿ” ಎಂದಳು. ಬಂದಾಗಿನಿಂದ ಅವಳು ಅತ್ತದ್ದು ಆಗಲೇ.

ಪೊರೆ ಬಟ್ಟೆಯಂತೆ ಕಚ್ಚಿ ಎಳೆಯುವುದಿಲ್ಲ, ಬೆರಳಿನ ಜೊತೆಗೇ ಬಾಗುತ್ತದೆ. ನೋವು ಇಳಿದ ಕೂಡಲೇ ಅವಳು ಬೆರಳು ಆಡಿಸತೊಡಗಿದಳು. ಸಾಹೇಬರ ಕಣ್ಣು ತಪ್ಪಿಸಿ, ಪೊರೆ ಎದ್ದ ಕಡೆ ಕತ್ತರಿಸಿ ತೆಗೆದು ಹೊಸದು ಹಾಕುತ್ತಾ ಹೋದೆ, ಅದನ್ನು ಕೊಡುವ ತಾಯಂದಿರೂ ಸಿಗುತ್ತಾ ಹೋದರು. ಒಂದು ದಿನ ಅಂಚಿನ ಪೊರೆ ತಾನಾಗಿಯೇ ಉದುರಿ, ಅದರಡಿ ಗುಲಾಬಿ ಬಣ್ಣದ ಹೊಸ ತೊಗಲು ಕಂಡಾಗ ಮಲ್ಲವ್ವ ಅದನ್ನು ಇಡೀ ಆಸ್ಪತ್ರೆಗೆ ಡಂಗುರ ಸಾರಿದಳು. ಮುಷ್ಟಿ ಮಾತ್ರ ಇನ್ನೂ ಪೂರ್ತಿ ಕೂಡುತ್ತಿರಲಿಲ್ಲ. ಹೊಸ ತೊಗಲು ಹರಿದೀತೆಂಬ ಹೆದರಿಕೆಗೆ ಅವಳು ಹೆಬ್ಬೆರಳನ್ನು ಹೊರಗೇ ಬಿಡುತ್ತಿದ್ದಳು. ನಾನು ದಿನಾ ಗದರಿಸುತ್ತಿದ್ದೆ, ಅವಳು ದಿನಾ ನಾಳೆ ಎನ್ನುತ್ತಿದ್ದಳು.

ಮಲ್ಲವ್ವ ಡಂಗುರ ಸಾರಿದ್ದೇ ತಪ್ಪಾಯಿತು. ಕೂಸನ್ನು ನೋಡಲು ಬಂದಿದ್ದ ಗಂಗಮ್ಮನ ಭಾವ, ಗಂಡನ ಅಣ್ಣ, ಅವನ ಕಿವಿಗೂ ಅದು ಬಿತ್ತು. ನಮ್ಮ ಮನೆ ಕೂಸಿನ ಮಾಸು ಆ ಕೇರಿಯವಳ ಮೈಗೆ ಹೋಗಿದೆಯೆಂದು ಸಾಹೇಬರ ಮೇಜು ಗುದ್ದಿದ. ಸಾಹೇಬರು ಹೆದರಿದ್ದು ನಿಜವಾಯಿತು. ಅವರು ಮೇಲಕ್ಕೆ ಬರೆದರು, ಜಿಲ್ಲೆಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು.

ವಿಚಾರಣೆ ಏನಾಯಿತು ಎಂದು ಕಾಯಬೇಡಿ, ಈಗಲೇ ಹೇಳಿಬಿಡುತ್ತೇನೆ. ಅಪ್ಪಣೆ ಮೀರಿದ್ದಕ್ಕೆ ನನ್ನನ್ನು ಕುಷ್ಟಗಿ ಕಡೆಗೆ ಎತ್ತಿ ಹಾಕಿದರು. ಅಲ್ಲಿಗೆ ಹೋದವಳು ಅಲ್ಲಿಯೂ ಅದನ್ನೇ ಮಾಡಿದೆ. ಎಂಬತ್ತರ ದಶಕದ ಕೊನೆಗೆ ರಕ್ತದಿಂದ ಹರಡುವ ಹೊಸ ರೋಗದ ಸುದ್ದಿ ಬಂದು, ಅದನ್ನು ಪರೀಕ್ಷಿಸಲು ನಮ್ಮಲ್ಲಿ ಸೌಕರ್ಯವಿಲ್ಲದಾಗ ನಾನೇ ನಿಲ್ಲಿಸಿದೆ. ಯಾರ ಮೇಜು ಗುದ್ದಿಗೂ ನಿಲ್ಲಿಸಿದ್ದಲ್ಲ. ಈಗ ಅದೇ ಪೊರೆ ಪರೀಕ್ಷೆಯಾಗಿ, ಒಣಗಿ, ಪ್ಯಾಕೆಟ್ಟಿನಲ್ಲಿ ಬರುತ್ತದಂತೆ. ಪಾಟೀಲರು ಹೇಳಿದ ಅದೇ ವಸ್ತುವಿನ ಲೋಳೆ ಟ್ಯೂಬಿನಲ್ಲಿ ಬರುತ್ತದಂತೆ. ಬರಲಿ, ಹಾಕಿ. ನಮ್ಮ ಹಾಗೆ ಹಿಂದಿನ ಕೋಣೆಯಲ್ಲಿ ಬಾಟಲಿ ತೊಳೆಯಲು ಹೋಗಬೇಡಿ. ಆದರೆ ನಾವು ಮಾಡಿದ್ದು ಹೇಸಿಗೆ ಎಂದು ಮಾತ್ರ ನನ್ನೆದುರು ಅನ್ನಬೇಡಿ.

ವಿಚಾರಣೆಯ ದಿನ ಸಾಹೇಬರ ಕೋಣೆಯಲ್ಲಿ ಅಧಿಕಾರಿ, ಗುಮಾಸ್ತ, ಸಾಹೇಬರು, ಗಂಗಮ್ಮನ ಭಾವ ಎಲ್ಲರೂ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನಿಲ್ಲಿಸಿದ್ದರು. ಈರಮ್ಮನನ್ನು ಕರೆದು ಕೇಳಿದರು. “ನಾವ ಕೊಟ್ಟೀವ್ರಿ, ಇವರು ಕಸಗೊಂಡಿಲ್ಲ. ಕೂಸು ಆರಾಮೈತಿ” ಎಂದು ಹೇಳಿ, ಅಳಿಯನ ಅಣ್ಣನ ಕಡೆ ಕಣ್ಣೆತ್ತಿಯೂ ನೋಡದೆ ಹೊರಟುಹೋದರು. ಆಮೇಲೆ ಹುಲಿಗೆವ್ವನನ್ನು ಕರೆಸಿದರು. ಗುಮಾಸ್ತ ಹೇಳಿಕೆಯನ್ನು ಮೊದಲೇ ಬರೆದಿಟ್ಟಿದ್ದ. ಓದಿದ: ನರ್ಸ್ ನೀಲಮ್ಮ ಎಂಬವರು ನನ್ನ ಒಪ್ಪಿಗೆ ಇಲ್ಲದೆ ಹೊಲಸು ವಸ್ತುವನ್ನು ನನ್ನ ಕೈಗಳಿಗೆ ಹಚ್ಚಿರುತ್ತಾರೆ.

ಓದಿ ಮುಗಿಸಿ ಮಸಿಯ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದ. “ಒತ್ತು.”

ಹುಲಿಗೆವ್ವ ಡಬ್ಬಿಯನ್ನು ನೋಡಿದಳು. ಸೆರಗಿನೊಳಗಿಂದ ಬಲಗೈ ಹೊರತೆಗೆದು ಹೆಬ್ಬೆರಳನ್ನು ನೋಡಿಕೊಂಡಳು. ತೊಗಲು ಇನ್ನೂ ಎಳೆಯದು, ಅದರ ಮೇಲೆ ಗೆರೆಗಳು ಕಾಣುತ್ತಿರಲಿಲ್ಲ. ಆ ಕೋಣೆಯಲ್ಲಿ ಕೂತವರಿಗೆಲ್ಲ ತಲೆ ಬಾಗಿಸಿಯೇ ಬೆಳೆದವಳು ಅವಳು. ಒತ್ತಿದ್ದರೆ ನಾನು ಅವಳನ್ನು ದೂರುತ್ತಿರಲಿಲ್ಲ.

“ಒಪ್ಪಿಗಿ ಇಲ್ದ ಅಂತ ಯಾಕ ಬರದೀರಿ? ಕೇಳಿ ಹಾಕ್ಯಾರ ಅವರು. ನಾ ಹಾಕ್ರಿ ಅಂದೀನಿ.”

“ಅದೆಲ್ಲ ನಿನಗೆ ತಿಳಿಯುವುದಿಲ್ಲ. ಹೆಬ್ಬೆಟ್ಟು ಒತ್ತಿ ನಡಿ” ಎಂದರು ಸಾಹೇಬರು.

“ಈ ಹೆಬ್ಬಟ್ಟಿಗೆ ತೊಗಲು ಬರೋಹಂಗ ಮಾಡಿದವರ ಅವರ್ರಿ. ಇದರ್ಲೆ ಅವರ ಮ್ಯಾಲ ನಾ ಒತ್ತಂಗಿಲ್ಲ.”

ಗುಮಾಸ್ತ ಗೊಣಗುತ್ತಾ ಅವಳ ಕೈಗೆ ಕೈ ಹಾಕಿದ. ಹುಲಿಗೆವ್ವ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. ಅದರ ಮೇಲೆ ಒಂದೊಂದಾಗಿ ನಾಲ್ಕು ಬೆರಳೂ ಬಂದು ಕೂತವು. ನಾನು ದಿನಾ ಬೇಡಿಕೊಂಡರೂ ಆಗದಿದ್ದ ಮುಷ್ಟಿ, ಎಲ್ಲಿಯೂ ಸಂದಿಲ್ಲದೆ ಪೂರ್ತಿ ಕೂಡಿತು. ಗುಮಾಸ್ತ ಮೊದಲು ಒಂದು ಕೈಯಿಂದ, ಆಮೇಲೆ ಎರಡೂ ಕೈಯಿಂದ ಬಿಡಿಸಲು ನೋಡಿದ. ಅವನಿಂದ ಆಗಲಿಲ್ಲ.